ಗೇರ್ ಕಾರು ಕಲಿಯುತ್ತಿದ್ದೀರಾ? ಕಾಲಡಿಯ ಮ್ಯಾಟ್ ಒಮ್ಮೆ ನೋಡಿ

ಹೋದ ಜೂನ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್‌ನಿಂದ ಗಾಡಿ ಮೇಲೆ ತರುತ್ತಿದ್ದೆ. ಏರು ಹತ್ತಲು ಆಕ್ಸಿಲರೇಟರ್ ಜೋರಾಗಿ ಒತ್ತಿದೆ. ಮೇಲೆ ಬಂದು ಕಾಲು ತೆಗೆದರೆ ಇಂಜಿನ್ ಕೂಗುತ್ತಲೇ ಇದೆ! ಎದುರಿಗೆ ಗೇಟ್ ಮುಚ್ಚಿತ್ತು. ಸೆಕ್ಯೂರಿಟಿಯವರು ತೆಗೆಯಲು ಬರುತ್ತಿದ್ದರು. ಕ್ಲಚ್, ಬ್ರೇಕ್ ಎರಡನ್ನೂ ತುಳಿದು ಹಿಡಿದೆ. ಆದರೂ ಗಾಡಿ ಮುಂದಕ್ಕೆ ನೂಕುತ್ತಿತ್ತು. ಹೇಗೋ ನಿಂತಾಗ ಅವರಿಗೂ ಬಾನೆಟ್ಟಿಗೂ ಒಂದು ಮೊಳ ಜಾಗವಿತ್ತು. ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ.

ಕಾರಣ ಮ್ಯಾಟ್. ಎಲ್ಎಲ್ಆರ್ ಬಂದ ವಾರವೇ ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡಿದ್ದೆ. ಅಂಗಡಿಯಲ್ಲಿ 'ಹೊಸಬರೆಲ್ಲ ಇದನ್ನೇ ಹಾಕಿಸ್ತಾರೆ' ಅಂತ ಸ್ಟೀರಿಂಗ್ ನಾಬ್ (ಸ್ಟೀರಿಂಗ್ ತಿರುಗಿಸಲು ಹಿಡಿಯುವ ಗುಂಡಿ), ಪೆಡಲ್‌ಗಳಿಗೆ ಲೋಹದ ಕವರ್, ದಪ್ಪನೆಯ ಮ್ಯಾಟ್ ಹಾಕಿಕೊಟ್ಟರು. ಹಳೆಯ ಮ್ಯಾಟ್ ತೆಗೆಯಲೇ ಇಲ್ಲ, ಅದರ ಮೇಲೇ ಹಾಸಿದರು. ಹಳೆಯದಕ್ಕೆ ನೆಲದಲ್ಲಿ ಕೊಕ್ಕೆ ಇತ್ತು. ಹೊಸದಕ್ಕೆ ಯಾವ ಹಿಡಿತವೂ ಇರಲಿಲ್ಲ.

ಎರಡು ವಾರಕ್ಕೆ ರಿವರ್ಸ್ ಹಾಕಿದರೆ ಕರ್ ಕರ್ ಸದ್ದು. 'ಕಲಿಯೋರು ಹಾಫ್ ಕ್ಲಚ್‌ನಲ್ಲೇ, ಅಂದ್ರೆ ಕ್ಲಚ್ ಅರ್ಧ ಒತ್ತಿಕೊಂಡೇ ಓಡಿಸಿ ಕ್ಲಚ್ ಪ್ಲೇಟ್ ಸವೆಸಿಬಿಡ್ತಾರೆ' ಅಂದರು ಗ್ಯಾರೇಜಿನವರು. ನಂಬಿದೆ. ಕ್ಲಚ್ ಸೆಟ್ ಬದಲಿಸಲು 9,000 ರೂಪಾಯಿ ಆಯಿತು. ಸದ್ದು ಹಾಗೇ ಇತ್ತು.

ಗೇಟ್ ಘಟನೆಯಾದ ಮೇಲೆ, ಮೂವತ್ತು ವರ್ಷ ಬಸ್ ಓಡಿಸಿದ ಪಕ್ಕದ ಮನೆಯ ಅಂಕಲ್ ಮೊಬೈಲ್ ಟಾರ್ಚ್ ಹಿಡಿದು ಕ್ಲಚ್ಚನ್ನು ಕೈಯಲ್ಲಿ ಒತ್ತಿ ತೋರಿಸಿದರು. ಮ್ಯಾಟ್ ಮುಂದಕ್ಕೆ ಜರುಗಿ ಮಡಿಕೆ ಬಿದ್ದಿತ್ತು. ಪೆಡಲ್ ಪೂರ್ತಿ ಇಳಿಯದೆ ಆ ಮಡಿಕೆಗೇ ತಾಗಿ ನಿಲ್ಲುತ್ತಿತ್ತು. ಕ್ಲಚ್ ಪೆಡಲ್ ಪೂರ್ತಿ ಇಳಿಯದಿದ್ದರೆ ಇಂಜಿನ್ನಿಗೂ ಗೇರಿಗೂ ಸಂಪರ್ಕ ಪೂರ್ತಿ ತಪ್ಪುವುದಿಲ್ಲ. ಆಗ ಗೇರ್ ಉಜ್ಜುತ್ತದೆ, ನಿಲ್ಲಿಸಬೇಕೆಂದಾಗ ಗಾಡಿ ನೂಕುತ್ತದೆ. ಮ್ಯಾಟಿನ ಇನ್ನೊಂದು ಅಂಚು ಆಕ್ಸಿಲರೇಟರನ್ನೇ ಹಿಡಿದುಕೊಂಡಿತ್ತು.

ಇದು ಸಣ್ಣ ವಿಷಯ ಅಲ್ಲ. 2009ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬೇರೆ ಮಾಡೆಲ್‌ನ ಮ್ಯಾಟ್ ಹಾಕಿದ್ದ ಟೊಯೋಟಾ ಕಂಪನಿಯ ಕಾರಿನಲ್ಲಿ ಆಕ್ಸಿಲರೇಟರ್ ಸಿಕ್ಕಿಕೊಂಡು ನಾಲ್ವರು ಸತ್ತರು. ಆಮೇಲೆ ಟೊಯೋಟಾ ಅಮೆರಿಕದಲ್ಲಿ ಸುಮಾರು 38 ಲಕ್ಷ ಗಾಡಿಗಳನ್ನು ಮ್ಯಾಟ್ ಕಾರಣಕ್ಕೇ ವಾಪಸ್ ಕರೆಯಿತು.

ಪೆಡಲ್ ಕವರ್ ಮಳೆಯಲ್ಲಿ ಒದ್ದೆ ಚಪ್ಪಲಿಗೆ ಜಾರುತ್ತಿತ್ತು. ನಾಬ್‌ಗೆ ಒಮ್ಮೆ ಕುರ್ತಾದ ತೋಳು ಸಿಕ್ಕಿಕೊಂಡಿತು. ಎರಡನ್ನೂ ಕಿತ್ತೆಸೆದೆ. ನಿಜವಾಗಿ ಉಪಯೋಗಕ್ಕೆ ಬಂದದ್ದು ಸೈಡ್ ಮಿರರ್‌ಗೆ ಅಂಟಿಸುವ ಪುಟ್ಟ ಗುಂಡು ಕನ್ನಡಿ ಮತ್ತು ರಿವರ್ಸ್ ಕ್ಯಾಮೆರಾ. ದುಡ್ಡು ಹಾಕುವುದಾದರೆ ಅಷ್ಟಕ್ಕೇ ಹಾಕಿ.

ಡ್ರೈವಿಂಗ್ ಸ್ಕೂಲ್ ಗಾಡಿಯಲ್ಲಿ ಕಲಿಸುವವರ ಕಾಲ ಬಳಿಯೂ ಕ್ಲಚ್, ಬ್ರೇಕ್ ಇರುತ್ತದೆ, ಅಲ್ವಾ? ನಮ್ಮ ಎಷ್ಟೋ ತಪ್ಪು ಅಲ್ಲೇ ಮುಚ್ಚಿಹೋಗುತ್ತದೆ. ಅದಕ್ಕೇ ಸ್ವಂತ ಗಾಡಿಯಲ್ಲಿ, ಲೈಸೆನ್ಸ್ ಇರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಖಾಲಿ ಮೈದಾನದಲ್ಲಿ ಆಕ್ಸಿಲರೇಟರ್ ಮುಟ್ಟದೆ ಕ್ಲಚ್ ಮಾತ್ರ ನಿಧಾನಕ್ಕೆ ಬಿಟ್ಟು ಗಾಡಿ ಕದಲಿಸಿ ನೋಡಿ. ಯಾವ ಆಕ್ಸೆಸರಿಯೂ ಕಲಿಸದ್ದನ್ನು ನನಗೆ ಆ ಒಂದು ವಾರ ಕಲಿಸಿತು.

ಈಗ ಗಾಡಿ ಹತ್ತಿದ ತಕ್ಷಣ ಮ್ಯಾಟ್ ಹಿಂದಕ್ಕೆ ಎಳೆದು, ಸ್ಟಾರ್ಟ್ ಮಾಡುವ ಮೊದಲೇ ಮೂರೂ ಪೆಡಲ್ ಪೂರ್ತಿ ಒತ್ತಿ ನೋಡುತ್ತೇನೆ. ಅಕಸ್ಮಾತ್ ಓಡುವಾಗ ಆಕ್ಸಿಲರೇಟರ್ ಸಿಕ್ಕಿಕೊಂಡರೆ ಬಗ್ಗಿ ಮ್ಯಾಟ್ ಎಳೆಯಲು ಹೋಗಬೇಡಿ. ಬ್ರೇಕ್ ಗಟ್ಟಿಯಾಗಿ ಒತ್ತಿ, ಗೇರನ್ನು ನ್ಯೂಟ್ರಲ್‌ಗೆ ತನ್ನಿ. ಇಂಜಿನ್ ಎಷ್ಟು ಕೂಗಿದರೂ ಕೂಗಲಿ. ಗಾಡಿ ನಿಂತ ಮೇಲಷ್ಟೇ ಕೀ ಆಫ್ ಮಾಡಿ. ಓಡುವಾಗಲೇ ಆಫ್ ಮಾಡಿದರೆ ಸ್ಟೀರಿಂಗ್ ಭಾರವಾಗುತ್ತದೆ, ಬ್ರೇಕೂ ಗಟ್ಟಿಯಾಗುತ್ತದೆ.