ಕೊನೆಯ ಎರಡು ಬಾರ್‌ಗಳ ಪಾಠ: ಮಾಟುಂಗದ ಒಂದು ಬ್ಲೂಸ್ ಗಿಟಾರ್ ತರಗತಿ

ಮುಂಬಯಿಯಲ್ಲಿ ಗಿಟಾರ್ ಕಲಿಸುವವರಿಗೆ ಬರವಿಲ್ಲ. ಅಮೆರಿಕದ ಆಫ್ರಿಕನ್ ಮೂಲದವರ ಸಂಗೀತವಾದ ಬ್ಲೂಸ್ ಕಲಿಸುವವರೂ ಹುಡುಕಿದರೆ ಸಿಗುತ್ತಾರೆ; ಆದರೆ ಅವರಲ್ಲಿ ಹೆಚ್ಚಿನವರು ಮೂರು ಕಾರ್ಡ್‌ಗಳನ್ನೂ (ಒಟ್ಟಿಗೆ ಮಿಡಿಯುವ ಸ್ವರಗುಚ್ಛಗಳು) ಐದು ಸ್ವರಗಳ ಒಂದು ಪೆಂಟಾಟಾನಿಕ್ ಸ್ಕೇಲನ್ನೂ ಕೈಗಿತ್ತು, ಇನ್ನು ಸೋಲೋ ನುಡಿಸು ಎಂದು ಬಿಟ್ಟುಬಿಡುತ್ತಾರೆ. ಮಾಟುಂಗದ ಕಿಂಗ್ಸ್ ಸರ್ಕಲ್‌ಗೆ ಹತ್ತಿರದ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ ನಡೆಯುವ ಈ ಸಣ್ಣ ತರಗತಿಯವರು ಮಾತ್ರ ಇಡೀ ಒಂದು ಪಾಠಕ್ರಮವನ್ನು ಹನ್ನೆರಡು ಬಾರ್‌ಗಳ (ಬಾರ್ ಎಂದರೆ ನಾಲ್ಕು ಬೀಟುಗಳ, ಅಂದರೆ ಎಣಿಕೆಗಳ, ಒಂದು ಅಳತೆ) ಆವರ್ತದ ಕೊನೆಯ ಎರಡು ಬಾರ್‌ಗಳಿಗೆ, ಅಂದರೆ ಟರ್ನ್‌ಅರೌಂಡ್‌ಗೆ ಮೀಸಲಿಟ್ಟಿದ್ದಾರೆ. ಬೋರ್ಡಿಲ್ಲ, ಜಾಹೀರಾತಿಲ್ಲ, ಪರಿಚಿತರ ಬಾಯಿಮಾತಿನಿಂದಲೇ ಜನ ಸೇರುತ್ತಾರೆ. ಉಡುಪಿ ಕಡೆಯಿಂದ ಬಂದು ಇಲ್ಲಿಯೇ ನೆಲೆಸಿರುವ ಮೇಷ್ಟ್ರು ಇಂಗ್ಲಿಷ್, ಮರಾಠಿ, ಕನ್ನಡಗಳನ್ನು ಬೆರೆಸಿ ಪಾಠ ಹೇಳುತ್ತಾರೆ.

ಎರಡು ಬಾರ್‌ಗಳಿಗೆ ಇಷ್ಟೊಂದು ಸಮಯ ಬೇಕೇ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಇ ಕೀಯಲ್ಲಿ, ಅಂದರೆ ಇ ಸ್ವರವನ್ನು ಆಧಾರವಾಗಿಟ್ಟುಕೊಂಡು ನುಡಿಸುವಾಗ ಒಂಬತ್ತನೆಯ ಬಾರ್‌ನಲ್ಲಿ ಬಿ7, ಹತ್ತರಲ್ಲಿ ಎ7, ಹನ್ನೊಂದರಲ್ಲಿ ಇ7 ಕಾರ್ಡ್‌ಗಳು ಬರುತ್ತವೆ. ಮನೆಗೆ ಮರಳಿದಂತಾದ ಆ ಸಂಗೀತವನ್ನು ಅಲ್ಲಿಯೇ ಕೂರಗೊಡದೆ, ಹನ್ನೆರಡನೆಯ ಬಾರ್‌ನ ಕೊನೆಗೆ ಮತ್ತೆ ಬಿ7ಗೆ ತಂದು ನಿಲ್ಲಿಸಿ, ಮುಂದಿನ ಆವರ್ತಕ್ಕೆ ಎಳೆದೊಯ್ಯುವುದು ಟರ್ನ್‌ಅರೌಂಡಿನ ಕೆಲಸ. ಅದು ಸಡಿಲವಾದರೆ ಹಾಡುವವನಿಗೆ ಎಲ್ಲಿ ಎತ್ತಿಕೊಳ್ಳಬೇಕೆಂಬುದೇ ತಿಳಿಯುವುದಿಲ್ಲ.

ಮೊದಲು ಕಲಿಸುವುದು ಆರನೆಯ ಅಂತರದ (ಸ್ವರಶ್ರೇಣಿಯಲ್ಲಿ ಒಂದರಿಂದ ಆರನೆಯದರಷ್ಟು ದೂರದ) ಜೋಡಿಸ್ವರಗಳ ಇಳಿಕೆಯನ್ನು. ಹನ್ನೊಂದನೆಯ ಬಾರ್‌ನ ಮೊದಲ ಬೀಟಿಗೆ ಹೆಬ್ಬೆರಳಿನಿಂದ ದಪ್ಪ ಇ ತಂತಿ. ಎರಡನೆಯ ಬೀಟಿಗೆ ಮೂರನೆಯ ಮತ್ತು ಒಂದನೆಯ ತಂತಿಗಳನ್ನು (ತೆಳು ತಂತಿಯಿಂದ ಎಣಿಸಿ) ನಾಲ್ಕನೆಯ ಫ್ರೆಟ್‌ನಲ್ಲಿ, ಅಂದರೆ ಗಿಟಾರಿನ ಕತ್ತಿನ ನಾಲ್ಕನೆಯ ಮನೆಯಲ್ಲಿ ಒತ್ತಿ, ಒಂದೊಂದು ಬೀಟಿಗೆ ಒಂದೊಂದು ಫ್ರೆಟ್ ಕೆಳಗಿಳಿದು, ಎರಡನೆಯ ಫ್ರೆಟ್‌ಗೆ ಬರುವಾಗ ಆ ಬಾರ್ ಮುಗಿಯುತ್ತದೆ. ಹನ್ನೆರಡನೆಯದರ ಮೊದಲ ಬೀಟಿಗೆ ಮೂರನೆಯ ತಂತಿ ಒಂದನೆಯ ಫ್ರೆಟ್‌ನಲ್ಲಿ, ಮೊದಲ ತಂತಿ ತೆರೆದು. ಎರಡನೆಯ ಬೀಟಿನ ತುದಿಯಲ್ಲಿ ಸಿ7 ಅನ್ನು ತಟ್ಟಿ, ಮೂರನೆಯ ಬೀಟಿಗೆ ಬಿ7ಗೆ ಜಾರಬೇಕು. ಬರೆದರೆ ಇಷ್ಟೇ. ಕಷ್ಟವಿರುವುದು ಈ ಎರಡು ತಂತಿಗಳ ನಡುವಿನ ಎರಡನೆಯ ತಂತಿಯಲ್ಲಿ: ಅದು ಮಿಡಿದರೆ ಇಳಿಕೆಯ ಸೊಗಸೆಲ್ಲ ಕಲಕಿಹೋಗುತ್ತದೆ. ಮೂರನೆಯ ತಂತಿಯನ್ನು ಒತ್ತಿದ ಮಧ್ಯದ ಬೆರಳನ್ನು ಕೊಂಚ ವಾಲಿಸಿ, ಅದರ ಪಕ್ಕದ ಮಾಂಸದಿಂದಲೇ ಎರಡನೆಯ ತಂತಿಯನ್ನು ಮುಟ್ಟಿ ಮೌನವಾಗಿಸುವುದನ್ನು ಮೇಷ್ಟ್ರು ಒಬ್ಬೊಬ್ಬರ ಪಕ್ಕದಲ್ಲಿ ಕುಳಿತು ತೋರಿಸುತ್ತಾರೆ. ಪರದೆಯ ಮೇಲಿನ ಪಾಠಗಳಲ್ಲಿ ನನಗೆ ಸಿಗದೇ ಇದ್ದುದು ಇದು; ಕೊಟ್ಟ ಹಣಕ್ಕೆ ಇದೊಂದೇ ಸಾಕೆಂದೂ ಹೇಳಬಲ್ಲೆ.

ಇನ್ನೊಂದು ಪಾಠ ಎ ಕೀಯದು. ಮೊದಲ ತಂತಿಯ ಐದನೆಯ ಫ್ರೆಟ್‌ನಲ್ಲಿ ಎ ಸ್ವರವನ್ನು ಕಿರುಬೆರಳಿನಿಂದ ಹಿಡಿದೇ ಇಟ್ಟು, ನಾಲ್ಕನೆಯ ತಂತಿಯಲ್ಲಿ ಐದರಿಂದ ಎರಡನೆಯ ಫ್ರೆಟ್‌ವರೆಗೆ ಒಂದೊಂದಾಗಿ ಇಳಿಯುವ ಈ ಪಟ್ಟು ಅಮೆರಿಕದ ಬ್ಲೂಸ್ ಗಾಯಕ, ಗಿಟಾರ್ ವಾದಕ ರಾಬರ್ಟ್ ಜಾನ್ಸನ್ ಅವರ ಶೈಲಿಯೊಂದಿಗೆ ಬೆಸೆದುಕೊಂಡಿದೆ. 1936ರಲ್ಲಿ ಸ್ಯಾನ್ ಆಂಟೋನಿಯೊದಲ್ಲಿಯೂ 1937ರಲ್ಲಿ ಡಲ್ಲಾಸ್‌ನಲ್ಲಿಯೂ ಧ್ವನಿಮುದ್ರಿಸಿದ 29 ಹಾಡುಗಳಷ್ಟನ್ನೇ ಬಿಟ್ಟು 1938ರಲ್ಲಿ ತೀರಿಕೊಂಡ ಅವರ ಗಿಟಾರಿನಲ್ಲಿ ಲೆರಾಯ್ ಕಾರ್ ಅವರಂತಹ ಪಿಯಾನೊ ವಾದಕರ ಪ್ರಭಾವ ಹೇಗೆ ಇಳಿದಿದೆ ಎಂಬುದನ್ನು ಮೇಷ್ಟ್ರು ಇಬ್ಬರ ಧ್ವನಿಮುದ್ರಿಕೆಗಳನ್ನೂ ಒಂದರ ಹಿಂದೊಂದು ಕೇಳಿಸಿ ವಿವರಿಸುತ್ತಾರೆ. ಅದನ್ನು ಕೇಳಿದ ಮೇಲೆ ಪಿಯಾನೊದ ಎರಡು ಕೈಗಳ ಕೆಲಸವನ್ನು ಹೆಬ್ಬೆರಳೂ ಉಳಿದ ಬೆರಳುಗಳೂ ಹಂಚಿಕೊಂಡಿರುವುದು ಕಿವಿಗೆ ಸ್ಪಷ್ಟವಾಗುತ್ತದೆ.

ತಾಳದ ವಿಷಯದಲ್ಲಿ ಈ ತರಗತಿಯ ಮಟ್ಟವೇ ಬೇರೆ. ಷಣ್ಮುಖಾನಂದ ಸಭಾಂಗಣದ ಕಚೇರಿಗಳು ಕಾಲ್ನಡಿಗೆಯ ದೂರದಲ್ಲಿರುವ ಈ ಬಡಾವಣೆಯಲ್ಲಿ ಕರ್ನಾಟಕ ಸಂಗೀತದ ಕಿವಿ ಇರುವ ವಿದ್ಯಾರ್ಥಿಗಳು ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ. ಅವರಿಗೆ ಒಂದು ಬೀಟಿನಲ್ಲಿ ಮೂರು ಮಿಡಿತಗಳಿರುವ ಬ್ಲೂಸ್ ಓಟವನ್ನು ತಿಶ್ರ ನಡೆ ಎಂದುಬಿಟ್ಟರೆ ಮುಂದಿನ ವಿವರಣೆಯೇ ಬೇಕಿಲ್ಲ. "ತಕಿಟ ತಕಿಟ ಅಂತ ಬಾಯಲ್ಲಿ ಬರಲಿ, ಆಮೇಲೆ ಕೈಗೆ ಬರಲಿ," ಎನ್ನುವುದು ಮೇಷ್ಟ್ರ ನಿತ್ಯದ ಮಾತು. ಟರ್ನ್‌ಅರೌಂಡನ್ನು ಅವರು ಕರ್ನಾಟಕ ಸಂಗೀತದ ತೀರ್ಮಾನಕ್ಕೆ, ಅಂದರೆ ಲಯದ ಮುಕ್ತಾಯದ ಗುಚ್ಛಕ್ಕೆ ಹೋಲಿಸುವುದೂ ಉಂಟು. ಲೆಕ್ಕದ ಮಟ್ಟಿಗೆ ಆ ಹೋಲಿಕೆಯನ್ನು ಒಪ್ಪಬಹುದು. ಭಾವದ ಮಟ್ಟಿಗೆ ನನ್ನದು ಅರ್ಧ ಒಪ್ಪಿಗೆ. ತೀರ್ಮಾನದಲ್ಲಿ ಮುಗಿತಾಯದ ಖಚಿತತೆಯಿದೆ, ಬಿ7ನಲ್ಲಿ ನಿಂತ ಟರ್ನ್‌ಅರೌಂಡಿನಲ್ಲಿ ಇನ್ನೂ ಏನೋ ಬರಬೇಕೆಂಬ ಕಾತರವಿದೆ.

ಅಭ್ಯಾಸದ ಕ್ರಮವನ್ನೂ ಮೆಚ್ಚಬೇಕು. ಟರ್ನ್‌ಅರೌಂಡನ್ನು ಬಿಡಿಯಾಗಿ ನುಡಿಸಲು ಮೇಷ್ಟ್ರು ಬಿಡುವುದೇ ಇಲ್ಲ. ಪ್ರತಿ ಸಲವೂ ಒಂಬತ್ತನೆಯ ಬಾರ್‌ನಿಂದ ಆರಂಭಿಸಿ, ಮುಂದಿನ ಆವರ್ತದ ಮೊದಲ ಬಾರ್ ಮುಟ್ಟಿಯೇ ನಿಲ್ಲಿಸಬೇಕು. ಬಿಡಿಬಿಡಿಯಾಗಿ ಕಲಿತವರು ಹತ್ತನೆಯ ಬಾರ್‌ನ ಕೊನೆಯಲ್ಲಿ ಕೈ ಎತ್ತಿ, ಅರ್ಧ ಬೀಟು ತಡಮಾಡಿ ಇಳಿಕೆಯನ್ನು ಹಿಡಿಯುವುದನ್ನು ನಗರದ ಅನೇಕ ಹವ್ಯಾಸಿ ತಂಡಗಳಲ್ಲಿ ಕೇಳಬಹುದು.

ಕೊರತೆಗಳೂ ಕಡಿಮೆಯಿಲ್ಲ. ಪಾಠವೆಲ್ಲ ಇ ಮತ್ತು ಎ ಕೀಗಳಲ್ಲಿಯೇ ಮುಗಿಯುತ್ತದೆ. ತೆರೆದ ತಂತಿಗಳ ನೆರವಿಲ್ಲದ ಬಿ ಫ್ಲಾಟ್‌ನಂತಹ ಕೀಯಲ್ಲಿ ಸ್ಯಾಕ್ಸೊಫೋನ್ ವಾದಕರ ಜೊತೆ ನುಡಿಸಬೇಕಾಗಿ ಬಂದರೆ ವಿದ್ಯಾರ್ಥಿ ಹೊಸದಾಗಿ ಕಲಿಯಬೇಕಾಗುತ್ತದೆ. ಮೈನರ್ ಬ್ಲೂಸಿನ ಸುದ್ದಿಯೇ ಇಲ್ಲ. ಕೈಗೆ ಕೊಡುವ ಟ್ಯಾಬ್ ಹಾಳೆಗಳು (ತಂತಿ, ಫ್ರೆಟ್‌ಗಳನ್ನು ಅಂಕಿಗಳಲ್ಲಿ ಬರೆದವು) ಎಷ್ಟೋ ಬಾರಿ ಜೆರಾಕ್ಸ್ ಆದವು. ಮೂರು ಯಾವುದು, ಎಂಟು ಯಾವುದು ಎಂದು ಕಣ್ಣು ಕಿರಿದಾಗಿಸಿ ನೋಡಬೇಕು. ತರಗತಿಯವರೇ ಇಟ್ಟಿರುವ ಗಿಟಾರ್‌ಗಳ ತಂತಿಗಳು ಮುಂಬಯಿಯ ಮಳೆಗಾಲಕ್ಕೆ ತುಕ್ಕು ಹಿಡಿದು ಬೆರಳನ್ನು ಕೊರೆಯುತ್ತವೆ. ತಮ್ಮದೇ ಗಿಟಾರ್ ಒಯ್ಯೋಣವೆಂದರೆ ಸಂಜೆಯ ಲೋಕಲ್‌ನಲ್ಲಿ ಅದನ್ನು ಹೊತ್ತು ದಾದರ್ ದಾಟುವುದು ಬೇರೆಯೇ ಒಂದು ವಿದ್ಯೆ.

ಬಾಂದ್ರಾದ ಮೆಹಬೂಬ್ ಸ್ಟುಡಿಯೊದಲ್ಲಿ 2011ರಲ್ಲಿ ಮಹೀಂದ್ರ ಬ್ಲೂಸ್ ಉತ್ಸವ ಆರಂಭವಾದ ಮೇಲೆ ಈ ಸಂಗೀತವನ್ನು ಎದುರಿಗೇ ಕೇಳುವ ಅವಕಾಶ ಈ ನಗರದವರಿಗೆ ದೊರೆತಿದೆ. ಕೇಳಿದ್ದನ್ನು ನುಡಿಸಬೇಕೆಂಬ ಆಸೆಯಿಂದ ಬರುವವರನ್ನು ಈ ತರಗತಿ ಉಪೇಕ್ಷಿಸುವುದಿಲ್ಲ. ಆದರೂ ಗಿಟಾರನ್ನು ಈಗಷ್ಟೇ ಕೈಗೆತ್ತಿಕೊಂಡವರಿಗೆ ಇದು ಸರಿಹೊಂದದು. ಇ7, ಎ7, ಬಿ7 ಕಾರ್ಡ್‌ಗಳನ್ನು ತಡವರಿಸದೆ ಬದಲಿಸಬಲ್ಲವರು, ಹನ್ನೆರಡು ಬಾರ್‌ಗಳನ್ನು ಎಣಿಸದೆ ಮುಗಿಸಬಲ್ಲವರು ಸೇರಿದರೆ ಲಾಭವಿದೆ. ತಿಂಗಳಿಗೆ 3,000 ರೂಪಾಯಿ ಶುಲ್ಕ ಮಾಟುಂಗದ ಮಟ್ಟಿಗೆ ದುಬಾರಿಯಲ್ಲ. ಸಂಜೆಯ ತಂಡದಲ್ಲಿ ಗದ್ದಲ ಹೆಚ್ಚು. ಆಗುವುದಾದರೆ ಭಾನುವಾರ ಬೆಳಗಿನ ತಂಡವನ್ನೇ ಕೇಳಿಕೊಳ್ಳಿ. ಆಗ ಲೋಕಲ್‌ನಲ್ಲಿ ಗಿಟಾರಿಗೂ ಜಾಗ ಸಿಗುತ್ತದೆ.