ಒಂದು ಜೊತೆ ಬಾಕ್ಸಿಂಗ್ ಗ್ಲೌಸ್, 14 ತಿಂಗಳು, ಕಾಸರಗೋಡಿನ ಮಳೆ

ಮೊದಲೇ ಹೇಳಿಬಿಡುತ್ತೇನೆ, ನಾನು ಬಾಕ್ಸರ್ ಅಲ್ಲ. ಬದಿಯಡ್ಕದ ಕಡೆಯವನು. ವಯಸ್ಸು 37, ಹಗಲಿಡೀ ಕುರ್ಚಿಯಲ್ಲಿ ಕೂತು ಲೆಕ್ಕ ಬರೆಯುವ ಕೆಲಸ. ಹೊಟ್ಟೆ ಮುಂದೆ ಬಂತು ಅಂತ ಕಳೆದ ವರ್ಷ ಏಪ್ರಿಲ್‌ನಲ್ಲಿ ಕಾಸರಗೋಡು ಪೇಟೆಯ ಒಂದು ಬಾಕ್ಸಿಂಗ್ ಕ್ಲಾಸಿಗೆ ಸೇರಿದೆ. ವಾರಕ್ಕೆ ಮೂರು ದಿನ. ಆನ್‌ಲೈನ್‌ನಲ್ಲಿ 1,450 ರೂಪಾಯಿಗೆ 12 ಔನ್ಸಿನ ಗ್ಲೌಸ್, 220 ರೂಪಾಯಿಗೆ ಕೈಗೆ ಸುತ್ತುವ ಪಟ್ಟಿ ತರಿಸಿದೆ. ಕಂಪನಿಯ ಹೆಸರು ಬೇಡ. ಈ ಬೆಲೆಯ ಗ್ಲೌಸ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ.

ಮೊದಲ ಮೂರು ವಾರ ಗ್ಲೌಸ್ ಚೀಲದಿಂದ ಹೊರಗೇ ಬರಲಿಲ್ಲ. ಬರೀ ನಿಲ್ಲುವುದು, ನಡೆಯುವುದು. ಎಡಗಾಲು ಮುಂದೆ, ಬಲ ಹಿಮ್ಮಡಿ ಸ್ವಲ್ಪ ಮೇಲೆ, ಗಲ್ಲ ಕೆಳಗೆ. ಆಮೇಲೆ ಜ್ಯಾಬ್. ಎಡಗೈ ಚಾಚಿ ಗುದ್ದುವುದು, ಅಷ್ಟೇ ಅಲ್ವಾ ಅಂದುಕೊಂಡಿದ್ದೆ. ಗುದ್ದುವುದು ಅರ್ಧ ಕೆಲಸ ಮಾತ್ರ. ಹೋದ ದಾರಿಯಲ್ಲೇ ಕೈ ವಾಪಸ್ ಕೆನ್ನೆಗೆ ಬರಬೇಕು. ನನ್ನದು ಸೊಂಟಕ್ಕೆ ಬರುತ್ತಿತ್ತು. ಕೋಚ್ ಮಲಯಾಳದಲ್ಲಿ ‘ಕೈ ಪೊಕ್ಕ್, ಕೈ ಪೊಕ್ಕ್’ ಅಂತ ಕಿರುಚುತ್ತಿದ್ದರು. ಕೈ ಎತ್ತು ಅಂತ ಅರ್ಥ. ಮನೆಯಲ್ಲಿ ತುಳು ಕೇಳಿ ಬೆಳೆದ ನನ್ನ ಕಿವಿಗೆ ಅದು ‘ಪೊಕ್ಕಡೆ’ ಅಂತ ಬಿತ್ತು. ಸುಮ್ನೆ ದಂಡಕ್ಕೆ ಬಂದಿದ್ದೀಯಾ ಅಂತ ಬೈಯುತ್ತಿದ್ದಾರೆ ಅಂದುಕೊಂಡೆ.

ಈಗ ಪಟ್ಟಿಯ ವಿಷಯ. ಎರಡರಲ್ಲಿ ಹೆಚ್ಚು ದುಡಿದದ್ದು ಅದೇ. 180 ಇಂಚು, ಅಂದರೆ ನಾಲ್ಕೂವರೆ ಮೀಟರ್ ಉದ್ದ. ಹೆಬ್ಬೆರಳಿಗೆ ಕುಣಿಕೆ ಹಾಕಿ, ಮಣಿಕಟ್ಟಿಗೆ ಮೂರು ಸುತ್ತು, ಬೆರಳಿನ ಗೆಣ್ಣುಗಳಿಗೆ ಮೂರು ಸುತ್ತು, ಬೆರಳ ಸಂದಿಗಳಲ್ಲಿ ತೂರಿಸಿ ಮತ್ತೆ ಮಣಿಕಟ್ಟಿಗೆ. ಐದು ನಿಮಿಷದ ಕೆಲಸ. ಒಂದು ದಿನ ತಡವಾಯಿತು ಅಂತ ಸುತ್ತದೆ ಗ್ಲೌಸ್ ಹಾಕಿಕೊಂಡೆ. ಹುಕ್, ಅಂದರೆ ಮೊಣಕೈ ಮಡಚಿ ಪಕ್ಕದಿಂದ ಬೀಸುವ ಏಟು, ಹೊಡೆದಾಗ ಮಣಿಕಟ್ಟು ಒಳಕ್ಕೆ ಮಡಚಿತು. ಎರಡು ವಾರ ತೆಂಗಿನಕಾಯಿ ತುರಿಯಲು ಆಗಲಿಲ್ಲ. ಅಮ್ಮನಿಗೆ ಅದೇ ದೊಡ್ಡ ದೂರು. ಏಟು ಬೀಳಬೇಕಾದದ್ದು ತೋರುಬೆರಳು, ನಡುಬೆರಳಿನ ಗೆಣ್ಣುಗಳ ಮೇಲೆ. ಹೊಸಬರ ಏಟು ಕಿರುಬೆರಳ ಕಡೆಗೆ ಜಾರುತ್ತದೆ, ಅಲ್ಲಿನ ಮೂಳೆ ತೆಳು. ಅದು ಮುರಿದರೆ ಡಾಕ್ಟರುಗಳು ‘ಬಾಕ್ಸರ್ಸ್ ಫ್ರ್ಯಾಕ್ಚರ್’ ಅನ್ನುತ್ತಾರೆ. ಕೊಳ್ಳುವುದಾದರೆ ಸ್ವಲ್ಪ ಹಿಗ್ಗುವ ಬಟ್ಟೆಯದ್ದೇ ಕೊಳ್ಳಿ. ನನ್ನ ಮೊದಲ ಜೊತೆ ಬರೀ ಹತ್ತಿಯದು, ಎರಡನೇ ರೌಂಡಿಗೇ ಸಡಿಲವಾಗುತ್ತಿತ್ತು.

ಗ್ಲೌಸ್ ಮೊದಲ ಎರಡು ತಿಂಗಳು ಚೆನ್ನಾಗಿತ್ತು. ಒಂದೊಂದು ಸುಮಾರು 340 ಗ್ರಾಂ. ನೇತುಹಾಕಿದ ಬ್ಯಾಗಿಗೂ ಕೋಚ್ ಕೈಯಲ್ಲಿ ಹಿಡಿಯುವ ಪ್ಯಾಡಿಗೂ ಗುದ್ದಲು ಸರಿಯಾದ ತೂಕ. ಎದುರಾಳಿಯ ಜೊತೆ ಸ್ಪಾರಿಂಗ್‌ಗೆ (ಅಭ್ಯಾಸದ ಕಾದಾಟಕ್ಕೆ) ಮಾತ್ರ ಕ್ಲಾಸಿನವರು 16 ಔನ್ಸಿನದ್ದು ಕೊಡುತ್ತಾರೆ. ನನ್ನ ಗ್ಲೌಸಿನ ಒಳಗಿನ ಜಾಗ ದೊಡ್ಡದು, ಸಣ್ಣ ಕೈಯವರಿಗೆ ಆಗದು. ನಮ್ಮ ಕ್ಲಾಸಿನ ಹುಡುಗಿಯೊಬ್ಬಳು ಹಾಕಿ ನೋಡಿ ‘ಇದರೊಳಗೆ ನನ್ನ ಕೈ ಈಜುತ್ತದೆ’ ಅಂದಳು. (ಗೋಡೆಯ ಮೇಲೆ ಮೇರಿ ಕೋಮ್ ಚಿತ್ರ ಇದೆ. ಪಕ್ಕದ ಕಣ್ಣೂರಿನ ಕೆ.ಸಿ. ಲೇಖಾ ಅವರದ್ದು ಇಲ್ಲ. 2006ರಲ್ಲಿ ದೆಹಲಿಯ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 75 ಕೆ.ಜಿ. ವಿಭಾಗದ ಚಿನ್ನ ಗೆದ್ದವರು ಅವರು. ನನಗಂತೂ ಇದು ಬೇಜಾರು.)

ಜೂನ್ ಬಂತು. ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ಬೆವರಲ್ಲಿ ನೆಂದ ಗ್ಲೌಸ್ ಒಣಗುವುದಾದರೂ ಹೇಗೆ? ಹತ್ತನೇ ದಿನ ಚೀಲ ಬಿಚ್ಚಿದರೆ ಒಳಗಿನ ಬಟ್ಟೆಗೆ ಬಿಳಿ ಬೂಸ್ಟು. ಅಮ್ಮ ಎಲ್ಲೋ ಇಲಿ ಸತ್ತಿದೆ ಅಂತ ಅಟ್ಟವೆಲ್ಲ ಹುಡುಕಿದ್ದರು. ನಾನೊಂದು ಬುದ್ಧಿವಂತಿಕೆ ಮಾಡಿದೆ. ಬಚ್ಚಲಿನ ಒಲೆಯ ಮೇಲೆ, ಒದ್ದೆ ಬಟ್ಟೆ ಹಾಕುವ ಹಗ್ಗಕ್ಕೆ ನೇತುಹಾಕಿದೆ. ಒಣಗಿತು ನಿಜ. ಜೊತೆಗೆ ಹೊರಗಿನ ಕೃತಕ ಚರ್ಮ ಬಿಸಿಗೆ ಸುಲಿದು, ಹಳೇ ಗೋಡೆಯ ಸುಣ್ಣದ ಹಾಗೆ ಚಕ್ಕೆ ಚಕ್ಕೆ ಏಳತೊಡಗಿತು. ಕಂಪನಿಗೆ ಬರೆದರೆ ಬಿಸಿಗೆ ಹಾಳಾದರೆ ವಾರಂಟಿ ಇಲ್ಲ ಅಂದರು. ತಪ್ಪು ನನ್ನದೇ. ಆದರೆ ಬಿಸಿಗೆ ಹಿಡಿಯಬೇಡಿ ಅಂತ ಡಬ್ಬಿಯ ಮೇಲೆ ಒಂದು ಸಾಲು ಬರೆಯಬಹುದಿತ್ತು. ಈಗ ಹಳೇ ಪೇಪರ್ ಉಂಡೆ ಮಾಡಿ ಒಳಗೆ ತುರುಕಿ ಫ್ಯಾನ್ ಕೆಳಗೆ ಇಡುತ್ತೇನೆ. ಎರಡು ಗಂಟೆಗೊಮ್ಮೆ ಪೇಪರ್ ಬದಲಾಯಿಸಬೇಕು. ಪಟ್ಟಿಯನ್ನು ಪ್ರತಿ ಸಲ ಒಗೆಯುತ್ತೇನೆ. ವಾಸನೆ ಮುಕ್ಕಾಲು ಭಾಗ ಹೋಗಿದೆ.

ಹತ್ತನೇ ತಿಂಗಳಿಗೆ ವೆಲ್ಕ್ರೋ ಕೈಕೊಟ್ಟಿತು. ಪೇಟೆಯ ಚಪ್ಪಲಿ ರಿಪೇರಿಯವರು 60 ರೂಪಾಯಿಗೆ ಹೊಸದು ಹೊಲಿದುಕೊಟ್ಟರು, ಮೊದಲಿನದ್ದಕ್ಕಿಂತ ಗಟ್ಟಿ. ಗೆಣ್ಣಿನ ಹತ್ತಿರದ ಫೋಮ್ ಚಪ್ಪಟೆಯಾದದ್ದು ಮಾತ್ರ ಪೂರ್ತಿ ಗ್ಲೌಸಿನ ತಪ್ಪಲ್ಲ. ಅಡಿಕೆ ಶೆಡ್ಡಿನಲ್ಲಿ ನೇತುಹಾಕಲು ಗೋಣಿಗೆ ಮರಳು ತುಂಬಿದ್ದೆ. ಮರಳು ಅಡಿಗೆ ಇಳಿದು ಕಲ್ಲಿನಂತಾಯಿತು. ಎರಡು ತಿಂಗಳು ಅದಕ್ಕೇ ಗುದ್ದಿದ್ದೇನೆ. ಆಮೇಲೆ ಮರಳು ತೆಗೆದು ಹಳೇ ಸೀರೆ, ಪಂಚೆ, ಮರದ ಹೊಟ್ಟು ತುಂಬಿದೆ. ಈಗ ಸರಿ.

ಗ್ಲೌಸಿಗೆ ಐದಕ್ಕೆ ಎರಡೂವರೆ ಅಂಕ. ಪಟ್ಟಿಗೆ, ಎರಡನೇ ಜೊತೆಗೆ, ಐದಕ್ಕೆ ಐದು. ಆರು ತಿಂಗಳು ನೋಡೋಣ ಅನ್ನುವ ಹೊಸಬರಿಗೆ ಈ ಗ್ಲೌಸ್ ಸಾಕು, ಆದರೆ ಅಕ್ಟೋಬರ್‌ನಲ್ಲಿ ಕೊಳ್ಳಿ, ಮೇ ತಿಂಗಳಲ್ಲಿ ಬೇಡ. ನಾನು ಮುಂದಿನ ಜೊತೆ ಅಸಲಿ ಚರ್ಮದ್ದು ತರಿಸುವವನು. ಅದನ್ನು ಜಗಲಿಯಲ್ಲೇ ಇಡಬೇಕು, ಒಳಗೆ ತರಬಾರದು ಅಂತ ಅಮ್ಮ ಈಗಲೇ ಹೇಳಿಯಾಗಿದೆ. ಹೊಟ್ಟೆ ಎರಡು ಇಂಚು ಇಳಿದಿದೆ. ಎಡಗೈ ಮಾತ್ರ ಈಗಲೂ ಆಗಾಗ ಸೊಂಟಕ್ಕೇ ಬರುತ್ತದೆ.