ಮನೆ, ಹಾಫ್‌ವೇ ಹೋಮ್, ಲಾಂಗ್ ಸ್ಟೇ, ಬಾಡಿಗೆ ಮನೆ: ಅಣ್ಣನಿಗೆ ಯಾವ್ದು ಸರಿಹೋಯ್ತು

ಸ್ಕಿಜೋಫ್ರೇನಿಯಾ ಅನ್ನೋ ತೀವ್ರ ಮಾನಸಿಕ ಕಾಯಿಲೆ ಇರೋರ ಮನೇಲಿ ಎಲ್ಲರಿಗೂ ಒಂದಲ್ಲ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತೆ, ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದ್ಮೇಲೆ ಇವ್ರು ಎಲ್ಲಿರ್ಬೇಕು, ಅಪ್ಪ ಅಮ್ಮನಿಗೆ ಕೈಲಾಗದೇ ಹೋದ್ಮೇಲೆ ಯಾರ ಜೊತೆ ಇರ್ಬೇಕು. ನಮ್ಮಣ್ಣನ ವಿಷ್ಯದಲ್ಲಿ ನಾವು ನಾಲ್ಕು ತರದ್ದೂ ನೋಡಿದ್ದೀವಿ. ಮೊದ್ಲು ತಿಪಟೂರಿನ ನಮ್ಮ ಮನೆ, ಆಮೇಲೆ ಬೆಂಗಳೂರಲ್ಲಿ ಹಾಫ್‌ವೇ ಹೋಮ್ (ಸ್ವಲ್ಪ ಕಾಲ ಇದ್ದು ಸ್ವಂತವಾಗಿ ಬದುಕೋದು ಕಲಿಯೋ ಜಾಗ), ಆಮೇಲೆ ಊರಾಚೆ ಒಂದು ಲಾಂಗ್ ಸ್ಟೇ ಸೆಂಟರ್ (ವರ್ಷಾನುಗಟ್ಟಲೆ ಇರೋ ಜಾಗ), ಈಗ ಬಾಡಿಗೆ ಮನೇಲಿ ಇನ್ನಿಬ್ಬರ ಜೊತೆ. ಯಾವುದಕ್ಕೂ ನಾನು ಶತ್ರು ಅಲ್ಲ, ಒಂದೊಂದ್ರಿಂದ್ಲೂ ಏನೋ ಒಂದು ಸಿಕ್ಕಿದೆ. ಆದ್ರೆ ನನ್ನ ಅಭಿಪ್ರಾಯ ಮೊದ್ಲೇ ಹೇಳ್ಬಿಡ್ತೀನಿ, ಜಾಗ ನೋಡೋಕೆ ಹೋದಾಗ ಬಿಲ್ಡಿಂಗು, ಗಾರ್ಡನ್ನು, ಊಟದ ಮೆನು ಎಲ್ಲಾ ಆಮೇಲೆ ನೋಡಿ, ಮೊದ್ಲು ಅಲ್ಲಿರೋರ ಮಾತ್ರೆ, ದುಡ್ಡು, ಫೋನು, ಬಾಗಿಲ ಕೀ ಇವೆಲ್ಲ ಯಾರ ಕೈಲಿದೆ ಅಂತ ನೋಡಿ. ನಾಲ್ಕು ಜಾಗಕ್ಕೂ ಇರೋ ನಿಜವಾದ ವ್ಯತ್ಯಾಸ ಅಲ್ಲೇ ಇರೋದು.

ಮನೆಯಿಂದ ಶುರು ಮಾಡ್ತೀನಿ. ಮನೇಲಿ ಖರ್ಚು ಕಮ್ಮಿ, ಅಮ್ಮನ ಕೈ ಊಟ, ಊರಲ್ಲಿ ಪರಿಚಯದೋರು. ನಮ್ಮ ಕಡೆಯೋರಿಗೆ ಇನ್ನೊಂದು ಸಮಾಧಾನ ಏನಂದ್ರೆ ಪಕ್ಕದ ತುರುವೇಕೆರೆಯಲ್ಲಿ ಮತ್ತೆ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ ನಿಮ್ಹಾನ್ಸ್‌ನೋರು ತಾಲ್ಲೂಕು ಮಟ್ಟದಲ್ಲೇ ಸ್ಕಿಜೋಫ್ರೇನಿಯಾ ಇರೋರನ್ನ ಹುಡುಕಿ, ಔಷಧಿ ಕೊಟ್ಟು, ವರ್ಷಾನುಗಟ್ಟಲೆ ಬಿಡದೆ ಫಾಲೋಅಪ್ ಮಾಡ್ಕೊಂಡು ಬಂದಿದ್ದಾರೆ. ಹಳ್ಳೀಲಿ ಮನೆಯವ್ರ ಜೊತೆ ಇದ್ಕೊಂಡೇ ಹುಷಾರಾಗೋಕೆ ಆಗುತ್ತೆ ಅನ್ನೋದು ಅಲ್ಲಿ ಗೊತ್ತಾಗಿದೆ. ಹಾಗಾಗಿ ಮನೆ ಬೇಡ ಅಂತ ನಾನು ಖಂಡಿತ ಹೇಳಲ್ಲ.

ಆದ್ರೆ ನಮ್ಮನೇಲಿ ಆಗಿದ್ದೇನಂದ್ರೆ ಅಣ್ಣ ನಲವತ್ತರ ಹತ್ರ ಬಂದ್ರೂ ಮಾತ್ರೆ ಸ್ಟ್ರಿಪ್ ಒಂದು ದಿನಾನೂ ತಾನೇ ಬಿಡಿಸಿರಲಿಲ್ಲ. ಅಮ್ಮ ನೀರಿನ ಲೋಟ ಹಿಡ್ಕೊಂಡು ಬರೋಳು, ಬಾಯಿ ತೆಗಿ ಅನ್ನೋಳು, ನುಂಗಿದ್ನಾ ಅಂತ ನೋಡೋಳು. ಬೆಳಿಗ್ಗೆ ತಿಂಡಿ ಆದ್ಮೇಲೆ ಮಧ್ಯಾಹ್ನದವರೆಗೂ ಜಗಲಿ ಮೇಲೆ ಸುಮ್ನೆ ಕೂತಿರೋನು. ಅಪ್ಪನಿಗೆ ಅದನ್ನ ನೋಡಿ ನೋಡಿ ಸಿಟ್ಟು, ತೋಟಕ್ಕಾದ್ರೂ ಬಾರೋ, ಇಷ್ಟು ವಯಸ್ಸಾಯ್ತು ಅಂತ ಶುರು ಮಾಡಿದ್ರೆ ಮನೇಲಿ ಮೂರು ದಿನ ಮಾತಿಲ್ಲ ಕತೆಯಿಲ್ಲ. ಮಾತು ಕಮ್ಮಿ ಆಗೋದು, ಯಾವುದಕ್ಕೂ ಮನಸ್ಸೇ ಬರದೇ ಇರೋದು, ಸ್ನಾನಕ್ಕೂ ಏಳದೇ ಇರೋದು, ಇದೆಲ್ಲಾ ಕಾಯಿಲೆಯ ಭಾಗಾನೇ, ಸೋಮಾರಿತನ ಅಲ್ಲ. ಮನೇಲಿ ದಿನಾ ಬೈಗುಳ, ಟೀಕೆ ಜಾಸ್ತಿ ಇದ್ರೆ ರಿಲ್ಯಾಪ್ಸ್ ಆಗೋ, ಅಂದ್ರೆ ಕಾಯಿಲೆ ಮತ್ತೆ ಮರುಕಳಿಸೋ ಚಾನ್ಸೂ ಜಾಸ್ತಿ ಅಂತ ಲಂಡನ್ನಲ್ಲಿ ಐವತ್ತು ಅರವತ್ತರ ದಶಕದಲ್ಲೇ ಕಂಡ್ಕೊಂಡಿದ್ರು, ಆಮೇಲೆ ಬೇರೆ ಬೇರೆ ದೇಶಗಳಲ್ಲೂ ಅದೇ ಕಂಡಿದೆ. ಅಪ್ಪ ಕೆಟ್ಟೋರಲ್ಲ, ಸುಸ್ತಾಗಿದ್ರು ಅಷ್ಟೆ. ಅಮ್ಮನೂ ಸುಸ್ತಾಗಿದ್ಲು, ಹೇಳ್ತಿರಲಿಲ್ಲ.

ಮನೆ ಜೊತೆ ಡೇ ಕೇರ್ ಸೇರಿಸಿದ್ರೆ ಎಷ್ಟೋ ವಾಸಿ ಆಗುತ್ತೆ. ಅಣ್ಣ ಸ್ವಲ್ಪ ಕಾಲ ಬೆಂಗಳೂರಲ್ಲಿ ನಮ್ಮನೇಲಿದ್ದು ನಿಮ್ಹಾನ್ಸ್‌ನ ರಿಹ್ಯಾಬಿಲಿಟೇಷನ್ ವಿಭಾಗಕ್ಕೆ ಬಿಎಂಟಿಸೀಲಿ ಹೋಗಿ ಬರ್ತಿದ್ದ. ಅಲ್ಲಿ ಬೇಕರಿ, ಟೈಲರಿಂಗ್ ಅಂತ ಬೇರೆ ಬೇರೆ ಕೆಲಸದ ಸೆಕ್ಷನ್ ಇದೆ, ಅಣ್ಣ ಬೇಕರೀಲಿದ್ದ, ಬನ್ ಟ್ರೇ ಹಿಡಿದು ನಿಂತಿರೋ ಫೋಟೋ ಅಮ್ಮನ ಫೋನಲ್ಲಿ ಈಗ್ಲೂ ಇದೆ. ಜಿಲ್ಲೆಗಳಲ್ಲೂ ಸರ್ಕಾರದ ಮಾನಸಾಧಾರ ಅನ್ನೋ ಡೇ ಕೇರ್ ಕೇಂದ್ರಗಳು ಬಂದಿವೆ, ನಿಮ್ಮೂರಲ್ಲಿ ಇದ್ಯಾ ಅಂತ ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ರಾನೇ ಕೇಳಿ. ಡೇ ಕೇರ್‌ನ ತೊಂದ್ರೆ ಒಂದೇ, ಸಾಯಂಕಾಲಕ್ಕೆ ಮುಗಿಯುತ್ತೆ, ರಾತ್ರಿ ಮತ್ತೆ ಅದೇ ಮನೆ, ಅದೇ ಮಾತು.

ಇನ್ನು ಹಾಫ್‌ವೇ ಹೋಮ್. ಈ ವಿಷ್ಯದಲ್ಲಿ ಬೆಂಗಳೂರಿನೋರು ಅದೃಷ್ಟವಂತರು, ಮೆಡಿಕೋ ಪಾಸ್ಟೋರಲ್ ಅಸೋಸಿಯೇಷನ್ ಅರವತ್ತರ ದಶಕದಿಂದ ಇದೆ, ರಿಚ್‌ಮಂಡ್ ಫೆಲೋಶಿಪ್ 1986ರಿಂದ ಇದೆ, ಬೇರೆಯವೂ ಇವೆ. ಅಣ್ಣ ಯಾವುದ್ರಲ್ಲಿದ್ದ ಅಂತ ಹೆಸರು ಬೇಡ, ಯಾಕಂದ್ರೆ ಒಳ್ಳೇದರ ಜೊತೆ ಒಂದು ದೂರೂ ಹೇಳೋದಿದೆ. ಒಳ್ಳೇದು ಏನಂದ್ರೆ ಅಲ್ಲಿ ಮಾತ್ರೆ ವಿಷ್ಯದಲ್ಲಿ ಒಂದು ಕ್ರಮ ಇತ್ತು, ಮೊದ್ಲು ಸ್ಟಾಫ್ ಕೊಡ್ತಾರೆ, ಆಮೇಲೆ ಸ್ಟಾಫ್ ಎದುರಿಗೆ ಅವ್ನೇ ತಗೋಬೇಕು, ಆಮೇಲೆ ವಾರದ ಮಾತ್ರೆ ಡಬ್ಬಿ ಅವ್ನೇ ತುಂಬಿಟ್ಕೋಬೇಕು, ಸ್ಟಾಫ್ ಬರೀ ಚೆಕ್ ಮಾಡ್ತಾರೆ. ಸೋಮ ಮಂಗಳ ಬುಧ ಅಂತ ಬರೆದಿರೋ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಒಂದೊಂದೇ ತೆಗೆದು, ಬೆಳಿಗ್ಗೆದು ರಾತ್ರಿದು ಅಂತ ಬೇರೆ ಮಾಡಿ ಹಾಕೋದನ್ನ ನಾನು ನೋಡ್ದಾಗ ಅಮ್ಮನಿಗೆ ಫೋನ್ ಮಾಡಿ ಹೇಳಿದ್ದೆ. ಅಡುಗೆಗೆ ಪಾಳಿ, ಕಸ ಗುಡಿಸೋಕೆ ಪಾಳಿ, ವಾರಕ್ಕೊಂದು ಮೀಟಿಂಗು, ಅದ್ರಲ್ಲಿ ಯಾರ ಮೇಲೆ ಯಾರಿಗೆ ಬೇಜಾರಿದ್ರೂ ಎದುರಿಗೇ ಹೇಳ್ಬೇಕು. ಗ್ಯಾಸ್ ಹಚ್ಚೋಕೆ ಹೆದರ್ತಿದ್ದೋನು ಅಲ್ಲಿಂದ ಬರೋ ಹೊತ್ತಿಗೆ ಎಂಟು ಜನಕ್ಕೆ ಉಪ್ಪಿಟ್ಟು ಮಾಡೋನು.

ದೂರು ಏನಪ್ಪಾ ಅಂದ್ರೆ ಸಿಗರೇಟು. ಅಣ್ಣ ಜಾಸ್ತಿ ಸೇದ್ತಿದ್ದ, ಅಲ್ಲಿ ಸೇರಿದ ದಿನದಿಂದ ಪೂರ್ತಿ ಬಂದ್. ಸೇದೋದು ಬಿಟ್ರೆ ಒಳ್ಳೇದೇ, ಆದ್ರೆ ಅವ್ನು ತಗೋತಿದ್ದಿದ್ದು ಕ್ಲೋಜಪಿನ್, ಸ್ಕಿಜೋಫ್ರೇನಿಯಾಗೆ ಕೊಡೋ ಒಂದು ಮಾತ್ರೆ. ಬೀಡಿ ಸಿಗರೇಟಿನ ಹೊಗೆಯಿಂದ ಲಿವರ್ ಆ ಔಷಧೀನ ಬೇಗ ಬೇಗ ಖರ್ಚು ಮಾಡುತ್ತೆ, ಸೇದೋರಿಗೆ ಡಾಕ್ಟ್ರು ಅದಕ್ಕೆ ತಕ್ಕಂಗೆ ಡೋಸ್ ಇಟ್ಟಿರ್ತಾರೆ, ಒಂದೇ ಸಲ ನಿಲ್ಲಿಸಿದ್ರೆ ಅದೇ ಡೋಸು ರಕ್ತದಲ್ಲಿ ಏರ್ತಾ ಹೋಗುತ್ತೆ. ಅವ್ನಿಗೆ ತೂಕಡಿಕೆ, ದಿಂಬು ನೆನೆಯೋ ಅಷ್ಟು ಜೊಲ್ಲು, ನಡೆದ್ರೆ ತೂರಾಡೋನು, ಬೆಳಿಗ್ಗೆ ಆರಕ್ಕೆ ಬೆಲ್ ಹೊಡೆದ್ರೆ ಏಳೋಕೆ ಆಗ್ತಿರಲಿಲ್ಲ, ಅದನ್ನ ಕೋಆಪರೇಟ್ ಮಾಡ್ತಿಲ್ಲ ಅಂತ ರಿಪೋರ್ಟಲ್ಲಿ ಬರೆದ್ರು. ಫಾಲೋಅಪ್‌ಗೆ ಕರ್ಕೊಂಡು ಹೋದಾಗ ಡಾಕ್ಟ್ರು ಕೇಳಿದ ಮೊದಲ ಪ್ರಶ್ನೆ ಸಿಗರೇಟ್ ಬಿಟ್ರಾ ಅಂತ. ಡೋಸ್ ಇಳಿಸಿದ್ಮೇಲೆ ಸರಿಹೋಯ್ತು. ಕ್ಲೋಜಪಿನ್ ತಗೊಳ್ಳೋರು ಎಲ್ಲಿಗೆ ಸೇರೋದಿದ್ರೂ ಈ ವಿಷ್ಯ ದಯವಿಟ್ಟು ಮೊದ್ಲೇ ಡಾಕ್ಟ್ರಿಗೆ ಹೇಳಿ, ಸೇದೋದು ಬಿಡೋದಾದ್ರೂ ಹೇಳಿ, ಮತ್ತೆ ಶುರು ಮಾಡಿದ್ರೂ ಹೇಳಿ. ಈ ಮಾತ್ರೆ ತಗೊಳ್ಳೋರಿಗೆ ಬೇಕಾದ ರಕ್ತದ ಬಿಳಿ ಕಣದ ಟೆಸ್ಟು ಸೆಂಟರ್‌ನೋರೇ ಮಾಡಿಸ್ತಾರಾ ನೀವು ಮಾಡಿಸ್ಬೇಕಾ ಅನ್ನೋದನ್ನೂ ಬಾಯ್ಮಾತಲ್ಲಿ ಬಿಡದೆ ಬರೆಸ್ಕೊಳ್ಳಿ.

ಹಾಫ್‌ವೇ ಹೋಮ್‌ನ ಇನ್ನೊಂದು ವಿಷ್ಯ, ಅದಕ್ಕೆ ಅವಧಿ ಇರುತ್ತೆ. ಅದು ಕಲಿಯೋ ಜಾಗ, ಜೀವನ ಪೂರ್ತಿ ಇರೋ ಜಾಗ ಅಲ್ಲ. ಅವಧಿ ಮುಗಿದ್ಮೇಲೆ ಎಲ್ಲಿಗೆ ಅನ್ನೋದಕ್ಕೆ ಹೆಚ್ಚಿನ ಮನೆಯವ್ರ ಹತ್ರ ಉತ್ತರ ಇರಲ್ಲ, ನಮ್ಮ ಹತ್ರಾನೂ ಇರಲಿಲ್ಲ, ಅಷ್ಟೊತ್ತಿಗೆ ಅಪ್ಪನಿಗೆ ಸ್ಟ್ರೋಕ್ ಆಗಿತ್ತು, ತಿಪಟೂರಿಗೆ ಕಳಿಸೋ ಹಾಗಿರಲಿಲ್ಲ. ಹಾಗೆ ಲಾಂಗ್ ಸ್ಟೇಗೆ ಹೋಗಿದ್ದು.

ಲಾಂಗ್ ಸ್ಟೇ ಸೆಂಟರ್ ನೋಡೋಕೆ ಚೆನ್ನಾಗಿತ್ತು. ದೊಡ್ಡ ಕ್ಯಾಂಪಸ್ಸು, ಮರಗಳು, ವಾಲಿಬಾಲ್ ಕೋರ್ಟು, ವಾರವಾರ ಡಾಕ್ಟ್ರು ಬರೋರು, ಹೊತ್ತೊತ್ತಿಗೆ ಊಟ. ನಾಲ್ಕರಲ್ಲಿ ದುಬಾರಿ ಅಂದ್ರೆ ಇದೇ. ನಾನು ರಾತ್ರಿ ನಿಶ್ಚಿಂತೆಯಿಂದ ನಿದ್ದೆ ಮಾಡಿದ್ದೂ ಇವ್ನು ಅಲ್ಲಿದ್ದಾಗ್ಲೇ, ಅದನ್ನೂ ಹೇಳ್ಬೇಕು. ಆದ್ರೆ ಫೋನು ವಾರ್ಡನ್ ಹತ್ರ, ಭಾನುವಾರ ಮಾತ್ರ ಮಾತು, ಅದೂ ಪಕ್ಕದಲ್ಲಿ ಒಬ್ರು ನಿಂತಿರ್ತಾರೆ. ಜೇಬಲ್ಲಿ ಹತ್ತು ರೂಪಾಯಿ ಇಟ್ಕೊಳ್ಳೋ ಹಾಗಿಲ್ಲ. ಬಟ್ಟೆ ಎಲ್ಲರದ್ದೂ ಒಟ್ಟಿಗೆ ಒಗೀತಾರೆ, ನಾನು ಅವ್ನ ಬರ್ತ್‌ಡೇಗೆ ಕೊಟ್ಟ ನೀಲಿ ಚೆಕ್ಸ್ ಶರ್ಟು ಇನ್ಯಾರೋ ಹಾಕ್ಕೊಂಡಿದ್ರು, ಅಣ್ಣ ಯಾರದ್ದೋ ದೊಗಳೆ ಟೀಶರ್ಟಲ್ಲಿದ್ದ. ಕೇಳಿದ್ರೆ, ಪರ್ವಾಗಿಲ್ಲ ಬಿಡು ಅಂದ. ಹಾಫ್‌ವೇ ಹೋಮಲ್ಲಿ ಉಪ್ಪಿಟ್ಟಿಗೆ ಉಪ್ಪು ಜಾಸ್ತಿ ಹಾಕಿದ್ರು ಅಂತ ಮೀಟಿಂಗಲ್ಲಿ ಜಗಳ ಆಡ್ತಿದ್ದೋನು ಅವ್ನು. ಪ್ರತಿ ತಿಂಗಳ ರಿಪೋರ್ಟಲ್ಲಿ ಸ್ಟೇಬಲ್ ಸ್ಟೇಬಲ್ ಅಂತ ಬರ್ತಿತ್ತು, ತೂಕ ಏರ್ತಿತ್ತು, ಮಾತ್ರೆ ಡಬ್ಬಿ ತುಂಬೋದು ಮರೆತೇಹೋಗಿತ್ತು ಯಾಕಂದ್ರೆ ಅಲ್ಲಿ ನರ್ಸೇ ಬಾಯಿಗೆ ಹಾಕೋದು.

ಇಲ್ಲಿ ಕಾನೂನಿನ ಮಾತು ಸ್ವಲ್ಪ ಹೇಳ್ಬೇಕು, ತುಂಬಾ ಜನ ಮನೆಯವ್ರಿಗೆ ಗೊತ್ತೇ ಇರಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಇಂಥ ಸೆಂಟರ್‌ಗಳು ರಿಜಿಸ್ಟರ್ ಆಗಿರ್ಲೇಬೇಕು. ಅಲ್ಲಿರೋರಿಗೆ ತಮ್ಮ ಬಟ್ಟೆ ಹಾಕ್ಕೊಳ್ಳೋ ಹಕ್ಕಿದೆ, ಯೂನಿಫಾರ್ಮ್ ಹಾಕು ಅಂತ ಬಲವಂತ ಮಾಡೋ ಹಾಗಿಲ್ಲ, ತಲೆ ಬೋಳಿಸೋ ಹಾಗಿಲ್ಲ, ಕೆಲಸಕ್ಕೆ ಬಲವಂತ ಮಾಡೋ ಹಾಗಿಲ್ಲ, ಮಾಡಿದ ಕೆಲಸಕ್ಕೆ ದುಡ್ಡು ಕೊಡ್ಬೇಕು, ಫೋನ್ ಮಾಡೋಕೆ, ನೋಡೋಕೆ ಬಂದೋರ ಜೊತೆ ಮಾತಾಡೋಕೆ ಹಕ್ಕಿದೆ. ಸರಪಳಿ ಹಾಕೋದಂತೂ ಪೂರ್ತಿ ನಿಷೇಧ, 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿಯಲ್ಲಿ ಕಟ್ಟಿಹಾಕಿದ್ದೋರು ಬೆಂಕೀಲಿ ಸತ್ತಿದ್ದು ಯಾರೂ ಮರೀಬಾರದು. ಅದೇ ಕಾಯ್ದೆಯ 19ನೇ ಸೆಕ್ಷನ್ ಏನು ಹೇಳುತ್ತೆ ಅಂದ್ರೆ ಮನೆಯವ್ರು ಸೇರಿಸಿಕೊಳ್ಳಲ್ಲ, ಇರೋಕೆ ಮನೆ ಇಲ್ಲ, ಸಮುದಾಯದಲ್ಲಿ ಸೌಲಭ್ಯ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಯಾರನ್ನೂ ಸೆಂಟರ್ ಒಳಗೆ ಇಟ್ಕೋಬಾರದು. ಬರೆದಿರೋದು ಹಾಗೆ. ನಿಜದಲ್ಲಿ ಆ ಕ್ಯಾಂಪಸ್ಸಲ್ಲಿದ್ದ ಎಷ್ಟೋ ಜನ ಆರಾಮಾಗೇ ಇದ್ರು, ಕರ್ಕೊಂಡು ಹೋಗೋರು ಇರಲಿಲ್ಲ. ನನ್ನನ್ನ ಅಲ್ಲಿಂದ ಎಬ್ಬಿಸಿದ್ದು ಅದೇ.

ನಾಲ್ಕನೇದು, ಈಗಿನ ಬಾಡಿಗೆ ಮನೆ. ಐಡಿಯಾ ಬಂದಿದ್ದು ಚೆನ್ನೈನ ಬ್ಯಾನ್ಯನ್ ಸಂಸ್ಥೆಯಿಂದ, ಅವ್ರು 2015ರಿಂದ ಹೋಮ್ ಅಗೇನ್ ಅಂತ ನಡೆಸ್ತಿದ್ದಾರೆ, ಆಸ್ಪತ್ರೆಗಳಲ್ಲಿ ವರ್ಷಾನುಗಟ್ಟಲೆ ಉಳಿದುಹೋದೋರು ನಾಲ್ಕೈದು ಜನ ಸೇರಿ ಮಾಮೂಲಿ ಬೀದೀಲಿ ಮಾಮೂಲಿ ಬಾಡಿಗೆ ಮನೇಲಿ ಇರ್ತಾರೆ, ಸಹಾಯಕ್ಕೆ ಅದೇ ಊರಿನ ಟ್ರೈನ್ ಆಗಿರೋ ಹೆಂಗಸರು ಇರ್ತಾರೆ. ನಾವು ಹಾಫ್‌ವೇ ಹೋಮಲ್ಲಿ ಪರಿಚಯ ಆದ ಇನ್ನೆರಡು ಕುಟುಂಬ ಸೇರಿ ಗ್ರೌಂಡ್ ಫ್ಲೋರ್ ಮನೆ ಹಿಡಿದ್ವಿ. ಓನರ್‌ಗೆ ವಿಷ್ಯ ಮುಚ್ಚಿಡಲಿಲ್ಲ, ಮೊದಲ ಕೆಲವರು ಬೇಡ ಅಂದ್ರು, ಈ ಓನರ್ ಆಂಟಿ ಮಾತ್ರ ಜಗಳ ಗಲಾಟೆ ಇಲ್ದಿದ್ರೆ ಆಯ್ತು ಅಂದ್ರು. ಪಕ್ಕದ ಬೀದಿಯ ಒಬ್ರು ಅಕ್ಕ ಬೆಳಿಗ್ಗೆ ಬಂದು ಮಧ್ಯಾಹ್ನದವರೆಗೂ ಇರ್ತಾರೆ, ಅಡುಗೆ ಅವ್ರು ಮಾಡಿಹಾಕಲ್ಲ, ಇವ್ರ ಜೊತೆ ಸೇರ್ಕೊಂಡು ಮಾಡಿಸ್ತಾರೆ. ಸೋಷಿಯಲ್ ವರ್ಕರ್ ವಾರಕ್ಕೊಮ್ಮೆ ಬರ್ತಾರೆ. ಮೂರು ಮನೆಯವ್ರು ಹಂಚ್ಕೊಂಡ್ರೆ ಒಬ್ಬೊಬ್ಬರಿಗೆ ಲಾಂಗ್ ಸ್ಟೇ ಫೀಸಿನ ಅರ್ಧದ ಆಸುಪಾಸು ಬೀಳುತ್ತೆ.

ಕೀ ಮೂರೂ ಜನರ ಹತ್ರ ಇದೆ. ಅಣ್ಣ ಸಂಜೆ ಸೊಪ್ಪಿನ ಗಾಡಿ ಹತ್ರ ನಿಂತು ಕಟ್ಟಿಗೆ ಎಷ್ಟು ಅಂತ ಚೌಕಾಸಿ ಮಾಡ್ತಾನೆ, ಮೆಂತ್ಯ ಬಾಡಿದ್ರೆ ತಗೊಳ್ಳಲ್ಲ, ಬಂದು ಚಿಲ್ಲರೆನ ಸ್ಟೀಲ್ ಡಬ್ಬಿಗೆ ಹಾಕಿ ನೋಟ್‌ಬುಕ್ಕಲ್ಲಿ ಬರೀತಾನೆ. ಮಾತ್ರೆ ಡಬ್ಬಿ ಮತ್ತೆ ಶುರುವಾಗಿದೆ. ಕಷ್ಟ ಇಲ್ಲ ಅಂತಲ್ಲ. ಬಾತ್‌ರೂಮ್ ತೊಳೆಯೋ ವಿಷ್ಯಕ್ಕೆ ಜಗಳ ಇದ್ದಿದ್ದೇ, ಬೀಡಿ ಕಿಡಿ ಬಿದ್ದು ಹಾಸಿಗೆ ಸುಟ್ಟಿದೆ, ಆಮೇಲೆ ಸೇದೋದು ಕಾಂಪೌಂಡಲ್ಲಿ ಮಾತ್ರ ಅಂತ ಅವ್ರೇ ರೂಲ್ ಮಾಡ್ಕೊಂಡ್ರು. ಒಂದು ಕುಟುಂಬ ದುಡ್ಡು ಲೇಟ್ ಮಾಡುತ್ತೆ, ಆಗ ಉಳಿದಿಬ್ಬರು ಹಾಕ್ಕೋಬೇಕು. ಮಧ್ಯಾಹ್ನದ ಮೇಲೆ ಹೊತ್ತು ಹೋಗಲ್ಲ ಅಂತ ಅಣ್ಣನೇ ಹೇಳ್ತಾನೆ, ಅದಕ್ಕೆ ಹತ್ತಿರದ ಅಂಗಡೀಲಿ ಪಾರ್ಟ್ ಟೈಮ್ ಪ್ಯಾಕಿಂಗ್ ಕೆಲಸ ಕೇಳ್ತಾ ಇದ್ದೀವಿ.

ಒಂದು ಘಟನೆ ಮಾತ್ರ ಬಿಡದೆ ಹೇಳ್ಬೇಕು. ಜೊತೆಗಿರೋರಲ್ಲಿ ಒಬ್ರು ಯಾರಿಗೂ ಹೇಳ್ದೆ ಮಾತ್ರೆ ಬಿಟ್ಟಿದ್ರು. ಅದು ಮೊದ್ಲು ಗೊತ್ತಾಗಿದ್ದು ಅಣ್ಣನಿಗೆ, ಇವ್ರು ರಾತ್ರಿ ಮಲಗ್ತಿಲ್ಲ, ಟೀವಿ ಆಫ್ ಆಗಿದ್ರೂ ಅದ್ರ ಜೊತೆ ಮಾತಾಡ್ತಿದ್ದಾರೆ ಅಂತ ಸೋಷಿಯಲ್ ವರ್ಕರ್‌ಗೆ ಅವ್ನೇ ಫೋನ್ ಮಾಡಿದ. ಆಸ್ಪತ್ರೇಲಿ ಸ್ವಲ್ಪ ದಿನ ಅಡ್ಮಿಟ್ ಆಗಿ ವಾಪಸ್ ಬಂದ್ರು, ತಮ್ಮದೇ ಮಂಚಕ್ಕೆ, ಯಾಕಂದ್ರೆ ಅವ್ರ ಪಾಲಿನ ಬಾಡಿಗೆ ನಿಲ್ಲಿಸಿರಲಿಲ್ಲ. ಲಾಂಗ್ ಸ್ಟೇಯಲ್ಲಿ ಹೀಗೇ ಹುಷಾರು ತಪ್ಪಿ ಆಸ್ಪತ್ರೆಗೆ ಹೋದೋರ ಬೆಡ್ಡು ಬೇರೆಯವ್ರಿಗೆ ಹೋಗಿದ್ದು ನಾನು ನೋಡಿದ್ದೆ.

ಹಾಗಂತ ಎಲ್ರೂ ನಾಳೆನೇ ಬಾಡಿಗೆ ಮನೆ ಹುಡುಕಿ ಅಂತಲ್ಲ. ಕಾಯಿಲೆ ಇನ್ನೂ ಜೋರಾಗಿದ್ರೆ, ಮನೆ ಬಿಟ್ಟು ಹೊರಟುಹೋಗೋ ಅಭ್ಯಾಸ ಇದ್ರೆ, ಮಾತ್ರೆ ಬೇಕು ಅನ್ನೋದೇ ಒಪ್ಪದೇ ಇದ್ರೆ ಈ ವ್ಯವಸ್ಥೆ ನಿಲ್ಲಲ್ಲ. ಅಂಥೋರಿಗೆ ಮೊದ್ಲು ಆಸ್ಪತ್ರೆ, ಆಮೇಲೆ ಒಳ್ಳೆ ಹಾಫ್‌ವೇ ಹೋಮ್. ಅಣ್ಣನೂ ಅಲ್ಲಿ ಕಲಿತದ್ದರಿಂದ್ಲೇ ಇಲ್ಲಿ ನಿಂತಿರೋದು. ವಯಸ್ಸಾದ ತಾಯಿ ಒಬ್ರೇ ಇದ್ದು ಬೇರೆ ಯಾರೂ ಇಲ್ಲ ಅನ್ನೋರಿಗೆ ಲಾಂಗ್ ಸ್ಟೇ ಬಿಟ್ಟು ದಾರಿ ಇರಲ್ಲ, ಆಗ ಫೋನು, ಬಟ್ಟೆ, ಕೈಖರ್ಚಿನ ದುಡ್ಡು ಈ ಮೂರಕ್ಕೂ ಸೇರಿಸೋ ದಿನಾನೇ ಪಟ್ಟು ಹಿಡೀರಿ. ಎಲ್ಲೇ ಇರ್ಲಿ ಯುಡಿಐಡಿ, ಅಂದ್ರೆ ಅಂಗವಿಕಲರ ಗುರುತಿನ ಕಾರ್ಡ್ ಮಾಡಿಸಿ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆನೂ ಇದೆ, 40 ಪರ್ಸೆಂಟ್ ಅಥವಾ ಮೇಲೆ ಬಂದ್ರೆ ಪೆನ್ಷನ್‌ಗೆ ಅರ್ಜಿ ಹಾಕ್ಬಹುದು. ನಿರಾಮಯ ಅನ್ನೋ ಕೇಂದ್ರ ಸರ್ಕಾರದ ಆರೋಗ್ಯ ಇನ್ಶೂರೆನ್ಸ್ ಸಿಗುತ್ತೆ ಅಂತ ಯಾರಾದ್ರೂ ಓಡಾಡಿಸಿದ್ರೆ ನಂಬಬೇಡಿ, ಅದ್ರಲ್ಲಿ ಸ್ಕಿಜೋಫ್ರೇನಿಯಾ ಇಲ್ಲ. ರಾತ್ರಿ ಹೊತ್ತು ಏನು ಮಾಡ್ಬೇಕು ತೋಚದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.

ಅಣ್ಣ ಈಗ ಮುಂಗಡ ನಿರ್ದೇಶನ ಬರೀತಾ ಇದ್ದಾನೆ, 2017ರ ಕಾಯ್ದೇಲಿ ಅದಕ್ಕೂ ಅವಕಾಶ ಇದೆ, ಮುಂದೆ ಹುಷಾರು ತಪ್ಪಿದ್ರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ತೀರ್ಮಾನ ಮಾಡ್ಬೇಕು ಅಂತ ಆರಾಮಾಗಿರೋವಾಗ್ಲೇ ಬರೆದಿಡೋದು. ಸಾಕ್ಷಿ ಸಹಿ ಹಾಕೋಕೆ ಓನರ್ ಆಂಟಿ ಒಪ್ಪಿದ್ದಾರೆ, ಇನ್ನೊಬ್ಬ ಸಾಕ್ಷಿ ಬೇಕು. ಚಿಕಿತ್ಸೆ ವಿಷ್ಯ ಎಲ್ಲಾ ಫಾರಮ್ಮಲ್ಲಿ ಬರೆದು, ಬೇರೆ ಹಾಳೇಲಿ ನನಗೆ ಅಂತ ಒಂದು ಸಾಲು ಬರೆದುಕೊಟ್ಟಿದ್ದಾನೆ: ನಾನು ಆಸ್ಪತ್ರೇಲಿದ್ರೆ ನನ್ನ ಪಾಲಿನ ಬಾಡಿಗೆ ಐದನೇ ತಾರೀಕಿನೊಳಗೆ ಕಟ್ಟು.